ಬೆಟ್ಟದಲ್ಲಿ ಕಾಲು ಮುರಿದವರನ್ನು ಇಳಿಸುವುದು ಹೇಗೆ? ನಾಲ್ಕು ವಿಧಾನ, ಹೊತ್ತು ನೋಡಿದ ಮೇಲೆ

ಕುಮಾರ ಪರ್ವತದ ಎತ್ತರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತುವಾಗ, ನಡುದಾರಿಯಲ್ಲಿ ಸಿಗುವ ಭಟ್ಟರ ಮನೆ ದಾಟಿದ ಮೇಲೆ ಯಾರದ್ದಾದರೂ ಕಾಲು ಮುರಿಯಿತು ಅಂದುಕೊಳ್ಳಿ. ಸಿಗ್ನಲ್ ಸಿಕ್ಕಿದರೆ 108ಕ್ಕೆ ಫೋನ್ ಮಾಡಬಹುದು. ಆದರೆ ಆಂಬುಲೆನ್ಸ್ ನಿಲ್ಲುವುದು ಕೆಳಗೆ, ರಸ್ತೆಯಲ್ಲಿ. ಹೆಲಿಕಾಪ್ಟರ್ ಬರಲ್ವಾ ಅಂತ ಕೆಲವರು ಕೇಳುತ್ತಾರೆ. 2022ರ ಫೆಬ್ರವರಿಯಲ್ಲಿ ನಂದಿ ಬೆಟ್ಟದಲ್ಲಿ ಜಾರಿ ಬಿದ್ದು ಬಂಡೆ ಮೇಲೆ ಸಿಕ್ಕಿಕೊಂಡ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿಕೊಂಡು ಹೋಗಿದ್ದು ನಿಜ. ಮಳೆ, ಮಂಜು ಕವಿದ ಘಟ್ಟದಲ್ಲಿ ಅದನ್ನೇ ನಂಬಿಕೊಂಡು ಕೂರಲು ಆಗುವುದಿಲ್ಲ. ಬಹಳಷ್ಟು ಸಲ ಹೊರಬೇಕಾದವರು ಜೊತೆಗಿದ್ದವರೇ.

ಅದಕ್ಕೇ ನಮ್ಮ ಚಾರಣದ ಗುಂಪಿನವರು ಮೂಡಿಗೆರೆ ಕಡೆಯ ಗೆಳೆಯರೊಬ್ಬರ ಕಾಫಿ ತೋಟದಲ್ಲಿ, ಮಳೆಗಾಲದಲ್ಲೇ, ಒಬ್ಬರನ್ನೊಬ್ಬರು ಹೊತ್ತು ನೋಡಿದೆವು. ತೋಟದ ಮೇಲ್ಗಡೆಯ ಕಾಲುದಾರಿ ಕಡಿದಾಗಿದೆ. ಕಲ್ಲು, ಬೇರು ಜಾಸ್ತಿ. ಇಬ್ಬರು ಅಕ್ಕಪಕ್ಕ ನಡೆಯಲು ಜಾಗವಿಲ್ಲ. ಹೊರುವ ವಿಧಾನದ ಬೆಲೆ ಗೊತ್ತಾಗುವುದು ಇಂಥ ಜಾಗದಲ್ಲೇ. ಸಪಾಟು ನೆಲದಲ್ಲಿ ನಾಲ್ಕೂ ಚೆನ್ನಾಗಿಯೇ ಕಾಣುತ್ತವೆ.

ಎಲ್ಲರಿಗೂ ಮೊದಲು ಹೊಳೆಯುವುದು ಎರಡು ಗಳ, ಒಂದು ಕಂಬಳಿ. ಕಂಬಳಿ ಹಾಸಿ, ಮೂರನೇ ಒಂದು ಪಾಲಿನಲ್ಲಿ ಒಂದು ಗಳ ಇಟ್ಟು ಮಡಚಬೇಕು. ಮಡಚಿದ ಅಂಚಿನ ಮೇಲೆ ಇನ್ನೊಂದು ಗಳ ಇಟ್ಟು, ಉಳಿದ ಕಂಬಳಿಯನ್ನು ಅದರ ಮೇಲೆ ಎಳೆಯಬೇಕು. ಗಂಟೂ ಬೇಡ, ಹೊಲಿಗೆಯೂ ಬೇಡ. ಮಲಗಿದವರ ಭಾರಕ್ಕೇ ಕಂಬಳಿ ಬಿಗಿಯಾಗಿ ನಿಲ್ಲುತ್ತದೆ. ಮಲಗುವವರಿಗೆ ನಾಲ್ಕರಲ್ಲಿ ಸುಖ ಇದರಲ್ಲೇ. ಮುಂದೊಬ್ಬರು, ಹಿಂದೊಬ್ಬರು ಹಿಡಿದು ಕಿರಿದಾದ ದಾರಿಯಲ್ಲೂ ಸ್ವಲ್ಪ ದೂರ ಹೋಗಬಹುದು. ಆದರೆ ಗಳ ಎಲ್ಲಿಂದ ತರೋದು? ತೋಟದಲ್ಲಿ ಬಿದಿರು ಇತ್ತು, ಕತ್ತಿ ಇತ್ತು. ಭಟ್ಟರ ಮನೆಯ ಮೇಲೆ ಬಹುಪಾಲು ಹುಲ್ಲುಗಾವಲು, ಅದೂ ಪುಷ್ಪಗಿರಿ ವನ್ಯಧಾಮದ ಜಾಗ. ಗಳದ ಬದಲು ಟ್ರೆಕ್ಕಿಂಗ್ ಕೋಲು ಹಾಕಿಯೂ ನೋಡಿದೆವು. ಉದ್ದ ಸಾಲಲಿಲ್ಲ. ತೂಕ ಬಿದ್ದ ತಕ್ಷಣ ಕೊಳವೆಗಳು ಒಂದಕ್ಕೊಂದು ಸೇರುವ ಜಾಗದಲ್ಲೇ ಬಗ್ಗಿದವು. ಕೋಲನ್ನು ನಂಬಬೇಡಿ.

ಹಗ್ಗದ ಸ್ಟ್ರೆಚರ್ ನೋಡಲು ತುಂಬ ಚೆಂದ. ಬಂಡೆ ಹತ್ತುವ ಉದ್ದನೆಯ ಹಗ್ಗದ ನಡುಭಾಗವನ್ನು ಆಳುದ್ದಕ್ಕೆ ಅತ್ತಿತ್ತ ಬಳಸಿ, ಪ್ರತಿ ಬದಿಗೂ ಎಂಟರಂತೆ ತಿರುವು ಮಾಡುತ್ತಾರೆ. ಉಳಿದ ಹಗ್ಗವನ್ನು ಹೊರಬದಿಯಲ್ಲಿ ಎಳೆದು, ಪ್ರತಿ ತಿರುವನ್ನೂ ಕ್ಲೋವ್ ಹಿಚ್ ಎಂಬ, ಎರಡು ಸುತ್ತು ಹಾಕುವ ಗಂಟಿನಿಂದ ಬಿಗಿಯುತ್ತಾರೆ. ಮನೆಯಲ್ಲಿ ಕಲಿತಾಗ ಸಲೀಸು. ಮಳೆಯಲ್ಲಿ ಬೆರಳು ಮರಗಟ್ಟಿದಾಗ ಗಂಟುಗಳ ನಡುವಿನ ಅಂತರ ಏರುಪೇರಾಗುತ್ತದೆ. ಒಂದು ಕಡೆ ಸಡಿಲವಾದರೆ ಮಲಗಿದವರ ಸೊಂಟ ಅತ್ತಲೇ ಜಗ್ಗುತ್ತದೆ. ನಾನು ಅದರಲ್ಲಿ ಮಲಗಿದ್ದೆ. ಕೆಳಗೆ ಮ್ಯಾಟ್ ಹಾಸಿದ್ದರೂ ಹೆಗಲ ಮೂಳೆಗೆ ಹಗ್ಗ ಒತ್ತುತ್ತಿತ್ತು, ಬೆನ್ನಿಗೆ ಕೆಳಗಿನಿಂದ ಥಂಡಿ ಹೊಡೆಯುತ್ತಿತ್ತು. ಗಾಯಗೊಂಡವರಿಗೆ ಈ ಥಂಡಿ ಸಣ್ಣ ವಿಷಯ ಅಲ್ಲವೇ ಅಲ್ಲ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಬದಿಗೆ ಮೂವರಂತೆ ಆರು ಜನ ಹಿಡಿಯಬೇಕು. ನಮ್ಮ ದಾರಿಯಲ್ಲಿ ಹೊರಬದಿಯ ಮೂವರಿಗೆ ಕಾಲಿಡಲು ನೆಲವೇ ಇರಲಿಲ್ಲ. ಬಾದಾಮಿ, ರಾಮನಗರದಲ್ಲಿ ಬಂಡೆ ಹತ್ತುವವರ ಬಳಿ ಹಗ್ಗ ಹೇಗೂ ಇರುತ್ತದೆ, ಅವರು ಕಲಿತಿರಲಿ. ಘಟ್ಟದ ಚಾರಣಕ್ಕೆ ಇದು ನನ್ನ ಕೊನೆಯ ಆಯ್ಕೆ.

ಅದೇ ಹಗ್ಗವನ್ನು ಸುರುಳಿ ಸುತ್ತಿ ಬೆನ್ನ ಮೇಲೆ ಹೊರುವುದು ಮಾತ್ರ ನನಗೆ ತುಂಬ ಹಿಡಿಸಿತು. ಸುರುಳಿಯನ್ನು ಎರಡು ಪಾಲು ಮಾಡಿ, ಪೆಟ್ಟಾದವರ ಒಂದೊಂದು ಕಾಲನ್ನು ಒಂದೊಂದರಲ್ಲಿ ತೂರಿಸಿ, ಹೊರುವವರು ಅದನ್ನೇ ಬ್ಯಾಗಿನ ಪಟ್ಟಿಯಂತೆ ಹೆಗಲಿಗೆ ಹಾಕಿಕೊಂಡು ಏಳಬೇಕು. ಎರಡೂ ಕೈ ಖಾಲಿ ಇರುತ್ತವೆ. ಕೊಂಬೆ ಹಿಡಿಯಬಹುದು, ಕೋಲು ಊರಬಹುದು. ದಾರಿ ಒಂದಾಳು ಅಗಲವಿದ್ದರೂ ಸಾಕು. ಹಗ್ಗ ಎದೆಗೆ ಬಿಗಿಯುತ್ತದೆ, ಹಾಗಾಗಿ ಬೇಗ ಬೇಗ ಆಳು ಬದಲಾಗಬೇಕು. ಹೆಗಲಿಗೆ ಬಟ್ಟೆ ಮಡಚಿ ಇಟ್ಟುಕೊಳ್ಳಿ. ಮುಂದೊಬ್ಬರು ಮೆಟ್ಟುವ ಜಾಗ ತೋರಿಸಲಿ, ಹಿಂದೊಬ್ಬರು ಸೊಂಟ ಹಿಡಿಯಲಿ. ಆದರೆ ಇದು ಹಿಮ್ಮಡಿ, ಪಾದದ ಪೆಟ್ಟಿಗೆ ಮಾತ್ರ. ಮೊಣಕಾಲು ಮಡಚದಂತೆ ಕಟ್ಟಿದ ಕಾಲು ಮುಂದಕ್ಕೆ ಚಾಚಿಕೊಂಡು ಮರಕ್ಕೆಲ್ಲ ತಾಗುತ್ತದೆ. ಎಚ್ಚರ ತಪ್ಪಿದವರಿಗೆ, ತೊಡೆ ಮುರಿದವರಿಗೆ ಖಂಡಿತ ಬೇಡ.

ಅಂಥವರಿಗೆ ಹಿಡಿಕೆಗಳಿರುವ ಬಟ್ಟೆಯ ಸ್ಟ್ರೆಚರ್. ದುಡ್ಡು ಕೊಟ್ಟು ತರಬೇಕಾದದ್ದು ಇದೊಂದೇ, ಆದರೂ ಕೊಡಬೇಕು ಅನ್ನುತ್ತೇನೆ. ಮಡಚಿದರೆ ಬ್ಯಾಗಿನ ತಳದಲ್ಲಿ ಕೂರುತ್ತದೆ, ಬಿಚ್ಚಿದರೆ ಆಯಿತು. ಒಳಗೆ ಮ್ಯಾಟ್ ಹಾಸಲೇಬೇಕು, ಇಲ್ಲದಿದ್ದರೆ ಮಲಗಿದವರು ಜೋಲಿಯೊಳಗೆ ಸಿಕ್ಕಂತೆ ಮುದುಡುತ್ತಾರೆ. ಕಲ್ಲುಬಂಡೆಯ ಜಾಗ ಬಂದಾಗ ಹೊತ್ತು ನಡೆಯುವುದನ್ನೇ ಬಿಟ್ಟು ಸಾಲಾಗಿ ನಿಂತುಬಿಟ್ಟೆವು. ಸ್ಟ್ರೆಚರ್ ಕೈಯಿಂದ ಕೈಗೆ ದಾಟಿತು. ಹಿಂದೆ ಕೈ ಖಾಲಿಯಾದವರು ಸುತ್ತಿಕೊಂಡು ಮುಂದಿನ ಸಾಲಿಗೆ ಬಂದರು. ನಿಧಾನ, ಆದರೆ ಯಾರೂ ಜಾರಲಿಲ್ಲ. ಅಂಚಿಗೆ ಗಟ್ಟಿಯಾದ ಹಿಡಿತ ಇರುವುದರಿಂದಲೇ ಇದು ಸಾಧ್ಯ. ಹಾವು ಕಚ್ಚಿದವರನ್ನೂ ಹೀಗೇ ಮಲಗಿಸಿ ತರಬೇಕು. ನಡೆಸಬಾರದು, ಬಿಗಿಯಾಗಿ ಕಟ್ಟು ಹಾಕಬಾರದು.

ಕಾಲಿಗೆ ಆಸರೆ ಕಟ್ಟಲು ಅಂಗಡಿಯ ಸ್ಯಾಮ್ ಸ್ಪ್ಲಿಂಟ್ (ಫೋಮ್ ಹೊದಿಸಿದ, ಬೇಕಾದಂತೆ ಬಗ್ಗಿಸಬಹುದಾದ ಅಲ್ಯೂಮಿನಿಯಂ ಪಟ್ಟಿ) ಮತ್ತು ಮಲಗುವ ಫೋಮ್ ಮ್ಯಾಟ್ ಎರಡನ್ನೂ ಕಟ್ಟಿ ನೋಡಿದೆವು. ಹಿಮ್ಮಡಿಗೆ ಮ್ಯಾಟೇ ಸಾಕು. ಯಾವುದೇ ಆಗಲಿ, ಕಟ್ಟಿದ ಮೇಲೆ ಬೆರಳ ತುದಿ ಬೆಚ್ಚಗಿದೆಯಾ, ಮುಟ್ಟಿದ್ದು ಗೊತ್ತಾಗುತ್ತಾ ಅಂತ ಆಗಾಗ ನೋಡಬೇಕು.

ಕುತ್ತಿಗೆ ಅಥವಾ ಬೆನ್ನುಮೂಳೆಗೆ ಪೆಟ್ಟಾದ ಅನುಮಾನ ಇದ್ದರೆ ಈ ನಾಲ್ಕೂ ಬೇಡ. ಅಲ್ಲೇ ಅಪಾಯ ಇಲ್ಲದಿದ್ದರೆ ಅಲುಗಾಡಿಸದೆ, ಬೆಚ್ಚಗಿಟ್ಟು, ತರಬೇತಾದವರು ಬರುವವರೆಗೆ ಕಾಯಬೇಕು. ನಾಲ್ಕೇ ಜನ ಹೋಗಿದ್ದರೆ ಹೊರುವ ಯೋಚನೆಯನ್ನೂ ಬಿಡಿ. ಇಬ್ಬರು ಪೆಟ್ಟಾದವರ ಜೊತೆ ಇರಲಿ. ಇನ್ನೊಬ್ಬರು ಒಂದು ಚೀಟಿ ಹಿಡಿದು ಕೆಳಗಿಳಿಯಲಿ. ಯಾವ ಜಾಗ, ಫೋನಿನಲ್ಲಿ ಕಂಡ ಅಕ್ಷಾಂಶ-ರೇಖಾಂಶ, ಎಷ್ಟು ಹೊತ್ತಿಗೆ ಬಿದ್ದರು, ಎಚ್ಚರ ಇದೆಯಾ, ಏನು ಮದ್ದು ಕೊಟ್ಟಿದ್ದೀರಿ, ಹೊರಲು ಎಷ್ಟು ಜನ ಬೇಕು, ಇಷ್ಟನ್ನೂ ಚೀಟಿಯಲ್ಲಿ ಬರೆದು ಕೊಡಿ.