ಅತ್ತೆ ಮನೆ, ಅಂಬಾಲಾ ಕ್ವಾರ್ಟರ್ಸ್, ಮೈಸೂರಿನ ಬಾಡಿಗೆ ಮನೆ: ಮಿಲಿಟರಿಯವರ ಹೆಂಡತಿ ಎಲ್ಲಿದ್ದರೆ ಚೆನ್ನ?

ಮಿಲಿಟರಿಯವನಿಗೆ ಹೆಣ್ಣು ಕೊಡುವಾಗ ಸಂಬಳ, ಪಿಂಚಣಿ, ಕ್ಯಾಂಟೀನು ಎಲ್ಲದರ ಮಾತೂ ಆಗುತ್ತದೆ. ಹುಡುಗಿ ಎಲ್ಲಿರಬೇಕು ಅನ್ನುವುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ರಜೆ ಮುಗಿಸಿ ಹುಡುಗ ರೈಲು ಹತ್ತಿದ ಮೇಲೆ ಆ ಪ್ರಶ್ನೆ ಅವಳೊಬ್ಬಳ ತಲೆಗೆ ಬರುತ್ತದೆ. ನಮ್ಮ ಯಜಮಾನರು ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ (ಎಂಇಜಿ) ಹವಾಲ್ದಾರ್. ನಾನು ಮೂರು ಕಡೆ ಸಂಸಾರ ಮಾಡಿ ನೋಡಿದ್ದೇನೆ: ಪಾಂಡವಪುರ ತಾಲ್ಲೂಕಿನ ಅತ್ತೆ ಮನೆ, ಹರಿಯಾಣದ ಅಂಬಾಲಾ ಕ್ಯಾಂಟೋನ್ಮೆಂಟಿನ ಕ್ವಾರ್ಟರ್ಸು, ಈಗ ಮೈಸೂರಿನ ಆಲನಹಳ್ಳಿಯ ಬಾಡಿಗೆ ಮನೆ. ಈ ವರ್ಷ ಮದುವೆಯಾಗುವ ನಮ್ಮ ಕಡೆಯ ಹುಡುಗಿಯರಿಗೆ ಉಪಯೋಗವಾಗಲಿ ಎಂದು ಮೂರನ್ನೂ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಪೋಸ್ಟಿಂಗ್ ಎರಡು ಥರ. ಪೀಸ್ ಸ್ಟೇಷನ್ ಆದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಫೀಲ್ಡ್ ಆದರೆ ಆಗುವುದಿಲ್ಲ, ಗಡಿಯ ಕಡೆ ಅವರೊಬ್ಬರೇ ಇರಬೇಕು. ಇವೆರಡೂ ಒಂದಾದ ಮೇಲೆ ಒಂದು ಬರುತ್ತಲೇ ಇರುತ್ತವೆ. ಹಾಗಾಗಿ ಒಂದೇ ಮನೆಯನ್ನು ಆರಿಸಿಕೊಂಡು ಕೂರುವ ಹಾಗಿಲ್ಲ.

ಊರಿನ ಮನೆಯಲ್ಲಿ ಖರ್ಚಿಲ್ಲ. ಅಕ್ಕಿ, ರಾಗಿ, ಹಾಲು ಮನೆಯದೇ. ಮಗ ಹುಟ್ಟಿದ ಹೊಸತರಲ್ಲಿ ಅತ್ತೆಯ ಕೈ ಇಲ್ಲದಿದ್ದರೆ ನನಗೆ ಖಂಡಿತ ಆಗುತ್ತಿರಲಿಲ್ಲ. ರಾತ್ರಿ ಮಗುವಿಗೆ ಜ್ವರ ಬಂದರೆ ಎದ್ದು ಗಾಡಿ ತೆಗೆಯಲು ಮೈದುನ ಇದ್ದ. ಮೊದಲ ಮಗು ಆಗುವ ಹೊತ್ತಿಗೆ ಗಂಡ ಫೀಲ್ಡಿನಲ್ಲಿದ್ದರೆ ಬೇರೆ ಯೋಚನೆಯೇ ಬೇಡ, ಅತ್ತೆ ಮನೆಯೋ ತವರೋ, ಅಲ್ಲಿರಿ.

ಕಷ್ಟ ಆಮೇಲೆ ಶುರುವಾಗುತ್ತದೆ. ಕಾಲುವೆಗೆ ನೀರು ಬಿಟ್ಟರೆ ಒಟ್ಲು, ನಾಟಿ, ಆಮೇಲೆ ಕಬ್ಬು, ಹೀಗೆ ಮನೆಯ ದಿನಚರಿಯನ್ನು ಜಮೀನು ನಡೆಸುತ್ತದೆ. ಸೊಸೆಗೆ ಅದರಲ್ಲಿ ಕೆಲಸ ಇರುತ್ತದೆ, ಮಾತು ಇರುವುದಿಲ್ಲ. ನಾನು ಡಿ.ಎಡ್. ಮುಗಿಸಿದವಳು. ಪಾಠ ಮಾಡಬೇಕು ಅಂದಾಗ ಮಾವ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಗಂಡನೇ ಮನೆಯಲ್ಲಿದ್ದಿದ್ದರೆ ಪಕ್ಕದಲ್ಲಿ ಕೂತು ಒಂದು ಮಾತು ಆಡುತ್ತಿದ್ದರು. ಫೋನಿನಲ್ಲಿ ಸಿಗುವ ಐದು ನಿಮಿಷದಲ್ಲಿ ಅಂಥದ್ದನ್ನೆಲ್ಲ ಹೇಳಿಕೊಳ್ಳಲು ಮನಸ್ಸು ಬರುವುದಿಲ್ಲ. ಅಲ್ಲಿ ಅವರು ನಿದ್ದೆಗೆಟ್ಟು ಡ್ಯೂಟಿ ಮಾಡುವಾಗ ಇಲ್ಲಿಯ ಒಲೆಯ ಮಾತು ಯಾಕೆ ಅನ್ನಿಸುತ್ತದೆ.

ಅಂಬಾಲಾಕ್ಕೆ ಹೋಗಿದ್ದು ಅದಾದ ಮೇಲೆ. ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ರೈಲಿನಲ್ಲಿ, ಟ್ರಂಕುಗಳ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರು, ಹೆಸರು ಬರೆಸಿಕೊಂಡು ಹೋದೆವು. ಒಂದು ಟ್ರಂಕಿನ ತುಂಬ ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ. ಕ್ವಾರ್ಟರ್ಸ್ ಸಿಕ್ಕರೆ ಮನೆ ಬಾಡಿಗೆ ಭತ್ಯೆ ನಿಲ್ಲುತ್ತದೆ, ಆದರೆ ಕ್ಯಾಂಪಿನೊಳಗಿನ ಮನೆಗೆ ಅದು ನಷ್ಟವೇನಲ್ಲ. ಸರದಿ ಬರುವವರೆಗೆ ಕಾಯಬೇಕಷ್ಟೆ. ಮನೆ ಕೈಗೆ ಕೊಡುವಾಗ ಫ್ಯಾನು, ನಲ್ಲಿ, ಟ್ಯೂಬ್‌ಲೈಟು ಎಲ್ಲ ಎಣಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕುವ ಮೊದಲು ಪ್ರತಿಯೊಂದನ್ನೂ ನೀವೇ ಹಚ್ಚಿ, ತಿರುಗಿಸಿ ನೋಡಿ. ಬಿಡುವಾಗ ಕಡಿಮೆ ಬಿದ್ದದ್ದಕ್ಕೆ ನಿಮ್ಮ ಕೈಯಿಂದಲೇ ದುಡ್ಡು ಹೋಗುತ್ತದೆ.

ಚಳಿಗಾಲದ ಮಂಜು, ಮೇ ತಿಂಗಳ ಬಿಸಿಗಾಳಿ ಎರಡಕ್ಕೂ ನಮ್ಮ ಮೈ ಒಗ್ಗಿದ್ದಲ್ಲ. ಬಟ್ಟೆ ಇದ್ದರೆ ಅದು ಹೇಗೋ ಕಳೆಯುತ್ತದೆ. ಹಿಂದಿ ಬರದಿರುವುದೇ ನಿಜವಾದ ಕಷ್ಟ. ನಮ್ಮ ಅದೃಷ್ಟಕ್ಕೆ ಎಂಇಜಿಗೆ ಹೆಚ್ಚಾಗಿ ದಕ್ಷಿಣದವರೇ ಸೇರುವುದು, ಈ ಪಲ್ಟನ್ನಿನ ಜವಾನರನ್ನು ಸೇನೆಯಲ್ಲೆಲ್ಲ ತಂಬಿಗಳು ಅಂತಲೇ ಕರೆಯುತ್ತಾರೆ. ನಮ್ಮ ಬ್ಲಾಕಿನಲ್ಲಿ ತಮಿಳು, ತೆಲುಗು, ಮಲಯಾಳದ ಮನೆಗಳಿದ್ದವು. ಹಾಸನದ ಕಡೆಯ ಅಕ್ಕ ಒಬ್ಬರಿದ್ದರು. ತರಕಾರಿಯವನ ಹತ್ತಿರ ಚೌಕಾಸಿ ಮಾಡುವ ಹಿಂದಿಯನ್ನು ಅವರೇ ನನಗೆ ಕಲಿಸಿದ್ದು. ಸಂಜೆ ಹೊತ್ತು ನಾನು ಕನ್ನಡದ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ, ಅಲ್ಲಿ ನನ್ನ ಓದಿಗೆ ಸಿಕ್ಕಿದ ಕೆಲಸ ಅದೊಂದೇ. ಹೊರಗಿನ ಶಾಲೆಗಳಲ್ಲಿ ಕನ್ನಡದ ಮೇಷ್ಟ್ರು ಯಾರಿಗೆ ಬೇಕು? ಪೀಸ್ ಸ್ಟೇಷನ್ನಿಗೆ ಹೊರಡುವ ಹೆಣ್ಣುಮಗಳು ತನ್ನ ದುಡಿಮೆಯನ್ನು ಅಷ್ಟು ವರ್ಷ ಪಕ್ಕಕ್ಕೆ ಇಟ್ಟೇ ಹೋಗುತ್ತಾಳೆ, ಇದನ್ನು ಮುಚ್ಚಿಟ್ಟು ಹೇಳಬಾರದು.

ಆದರೂ ಆ ವರ್ಷಗಳನ್ನು ನಾನು ಯಾವುದಕ್ಕೂ ಬದಲಾಯಿಸಿಕೊಳ್ಳಲಾರೆ. ಮಗನಿಗೆ ಅಪ್ಪನ ಪರಿಚಯವಾಗಿದ್ದು ಅಂಬಾಲಾದಲ್ಲಿ. ಅಲ್ಲಿಯವರೆಗೆ ಅಪ್ಪ ಅಂದರೆ ಅವನಿಗೆ ಫೋನಿನ ಒಂದು ಮುಖ ಆಗಿತ್ತು.

ಆಮೇಲೆ ಮತ್ತೆ ಫೀಲ್ಡ್ ಬಂತು. ಹಾಗೆ ಬಂದಾಗ ಎಸ್‌ಎಫ್ (ಸೆಪರೇಟೆಡ್ ಫ್ಯಾಮಿಲಿ) ಕ್ವಾರ್ಟರ್ಸ್ ಅಂತ ಇರುತ್ತದೆ, ಗಂಡ ಫೀಲ್ಡಿನಲ್ಲಿರುವಷ್ಟು ಕಾಲ ಹೆಂಡತಿ ಮಕ್ಕಳು ಯಾವುದಾದರೂ ಮಿಲಿಟರಿ ಸ್ಟೇಷನ್ನಿನಲ್ಲಿ ಇರಬಹುದು. ನಮ್ಮ ಕಡೆಯವರು ಹೆಚ್ಚಾಗಿ ಬೆಂಗಳೂರು ಕೇಳುತ್ತಾರೆ. ಮೈಸೂರಿನಲ್ಲಿ ಮನೆ ಸಿಕ್ಕಿದ್ದರಿಂದ ನಾನು ಅದಕ್ಕೆ ಹೋಗಲಿಲ್ಲ, ಹಾಗಾಗಿ ಅದರ ಬಗ್ಗೆ ತೂಕ ಹಾಕಿ ಹೇಳುವುದಿಲ್ಲ.

ಮೈಸೂರಿಗೆ ಹೋಗುತ್ತೇನೆ ಅಂದಾಗ ಅತ್ತೆ, "ಇಲ್ಲಿ ಏನ್ ಕಮ್ಮಿ ಆಗದೆ ಕಣವ್ವ ನಿಂಗೆ? ಮೊಗಾನ ಕಟ್ಕೊಂಡು ಒಬ್ಳೇ ಅಲ್ಲಿ ಏನ್ ಮಾಡೀಯೆ?" ಅಂದರು. ಕೋಪಕ್ಕಿಂತ ಆ ಮಾತಿನಲ್ಲಿ ಭಯವೇ ಹೆಚ್ಚಿತ್ತು. ಮನೆ ಹುಡುಕುವಾಗ ಆ ಭಯ ಎಲ್ಲಿಯದು ಅಂತ ಗೊತ್ತಾಯಿತು. ಗಂಡಸರು ಯಾರಿರುತ್ತಾರೆ ಅನ್ನುವುದೇ ಓನರುಗಳ ಮೊದಲ ಪ್ರಶ್ನೆ. ಯಜಮಾನರ ಐಡಿ ಕಾರ್ಡಿನ ನಕಲು ತೋರಿಸಿದ ಮೇಲೆ ಕೆಲವರು ಮೆತ್ತಗಾದರು, ಕೆಲವರು ಆಗಲಿಲ್ಲ. ಭೋಗ್ಯಕ್ಕೆ ಹಾಕಿಕೊಳ್ಳಿ, ತಿಂಗಳ ಬಾಡಿಗೆ ಉಳಿಯುತ್ತದೆ ಎಂದವರೂ ಇದ್ದರು. ಮಿಲಿಟರಿಯವರಿಗೆ ಭೋಗ್ಯ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪೋಸ್ಟಿಂಗ್ ಆರ್ಡರ್ ಬಂದಾಗ ಲಕ್ಷಗಟ್ಟಲೆ ಹಣ ಓನರ್ ಕೈಯಲ್ಲಿ ಸಿಕ್ಕಿಕೊಂಡಿರುತ್ತದೆ. ನಾವು 10,000 ಬಾಡಿಗೆಯ ಮನೆ ಹಿಡಿದೆವು.

ಆಲನಹಳ್ಳಿಯನ್ನೇ ಆರಿಸಿದ್ದು ಸಿದ್ಧಾರ್ಥನಗರದ ಕೇಂದ್ರೀಯ ವಿದ್ಯಾಲಯ ಹತ್ತಿರ ಅಂತ. ಗಂಡನಿಗೆ ಫೀಲ್ಡ್ ಪೋಸ್ಟಿಂಗ್ ಆಗಿ ಮನೆಯವರು ತಮಗೆ ಬೇಕಾದ ಊರಿಗೆ ಬಂದು ನೆಲೆಸಿದರೆ, ಆ ಊರಿನ ಕೆವಿಗೆ ಮಗುವನ್ನು ಸೇರಿಸಿಕೊಳ್ಳಲು ಅವರ ನಿಯಮದಲ್ಲೇ ಅವಕಾಶವಿದೆ. ಯುನಿಟ್ಟಿನಿಂದ ಪತ್ರ ತರಿಸಿಕೊಂಡು ಟಿಸಿ ಜೊತೆ ಕೊಡಬೇಕು. ಅಂಬಾಲಾದಲ್ಲಿ ಓದಿದ ಪುಸ್ತಕವೇ ಇಲ್ಲೂ ಇದ್ದದ್ದರಿಂದ ಮಗನಿಗೆ ಶಾಲೆ ಬದಲಾದದ್ದು ಭಾರ ಅನ್ನಿಸಲಿಲ್ಲ. ಅವನು ಶಾಲೆಗೆ ಹೋದ ಹೊತ್ತಿನಲ್ಲಿ ನಾನೂ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಸಂಬಳ ದೊಡ್ಡದಲ್ಲ. ಆದರೆ ತಿಂಗಳ ಕೊನೆಗೆ ಅದು ನನ್ನ ಖಾತೆಗೆ ಬೀಳುವಾಗಿನ ಧೈರ್ಯ ನನಗೆ ಬೇರೆ ಎರಡೂ ಕಡೆ ಸಿಗಲಿಲ್ಲ.

ಊರೂ ದೂರವಿಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಪಾಂಡವಪುರಕ್ಕೆ ನನಗೆ ಬಸ್ಸಿನ ಖರ್ಚೂ ಇಲ್ಲ. ಶನಿವಾರ ಹೋಗಿ ಭಾನುವಾರ ಸಂಜೆ ಸೊಪ್ಪು, ತೆಂಗಿನಕಾಯಿ ಹೊತ್ತುಕೊಂಡು ಬರುತ್ತೇವೆ. ಅತ್ತೆಯ ಜೊತೆ ನನ್ನ ಮಾತು ಈಗ ಮೊದಲಿಗಿಂತ ಹಗುರ.

ಆಸ್ಪತ್ರೆಯ ವಿಷಯದಲ್ಲಿ ಕ್ವಾರ್ಟರ್ಸಿಗೆ ಸಾಟಿಯಿಲ್ಲ. ಸಣ್ಣ ಜ್ವರಕ್ಕೆ ಕ್ಯಾಂಪಿನ ಚಿಕ್ಕ ದವಾಖಾನೆಯಾದ ಎಂಐ ರೂಮು, ದೊಡ್ಡದಕ್ಕೆ ಮಿಲಿಟರಿ ಆಸ್ಪತ್ರೆ, ಔಷಧಿಯೂ ಅಲ್ಲೇ. ಮೈಸೂರಿನ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಇರುವುದು ನಿವೃತ್ತರಿಗಾಗಿ. ನಮ್ಮಂಥವರು ದೊಡ್ಡ ಕಾಯಿಲೆಗೆ ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ಹೋಗಬೇಕು, ಚಿಕ್ಕದಕ್ಕೆ ಕೈಯಿಂದ ಕೊಡಬೇಕು. ಮನೆಯಲ್ಲಿ ಯಾರಿಗಾದರೂ ಸದಾ ಔಷಧಿ ಬೇಕಾದ ಕಾಯಿಲೆ ಇದ್ದರೆ ಮೈಸೂರಿಗಿಂತ ಮಿಲಿಟರಿ ಆಸ್ಪತ್ರೆ ಇರುವ ಊರೇ ಸರಿ.

ರಜೆಯದು ಬೇರೆಯೇ ಲೆಕ್ಕ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ನಾನು ಊರಿನಲ್ಲಿದ್ದಾಗ ಆ ರಜೆ ಎಲ್ಲರ ಪಾಲಾಗುತ್ತಿತ್ತು: ಜಮೀನಿನ ಕೆಲಸ, ಮಾರಮ್ಮನ ಹಬ್ಬ, ನೆಂಟರ ಮದುವೆ, ಬೀಗರ ಊಟ. ಗಂಡ ಹೆಂಡತಿ ಕೂತು ಮಾತಾಡುವ ಹೊತ್ತಿಗೆ ಟ್ರಂಕು ಕಟ್ಟುವ ದಿನ ಬಂದಿರುತ್ತಿತ್ತು. ಈಗ ಬಂದ ತಕ್ಷಣ ಮೊದಲ ವಾರ ಊರಿನಲ್ಲಿ, ಆಮೇಲೆ ಮೈಸೂರಿನಲ್ಲಿ ಅಂತ ಮಾಡಿಕೊಂಡಿದ್ದೇವೆ, ಅತ್ತೆ ಮಾವ ಒಪ್ಪಿದ್ದಾರೆ. ಮೈಸೂರಿನಲ್ಲಿ ಬೇರೆ ಕಷ್ಟವಿದೆ. ಗ್ಯಾಸ್ ಬುಕ್ ಮಾಡುವುದರಿಂದ ಹಿಡಿದು ಶಾಲೆಯ ಫೀಸಿನವರೆಗೆ ಎಲ್ಲ ನಾನೇ ನಡೆಸುವ ಮನೆ. ಅಪ್ಪ ಬಾ ಅಂದರೂ ಮಗ ನನ್ನ ಮುಖ ನೋಡುತ್ತಾನೆ. ಅವರಿಗೆ ಅದು ನೋಯುತ್ತದೆ. ಅದಕ್ಕೇ ಮೊದಲ ದಿನಗಳಲ್ಲಿ ಶಾಲೆಗೆ ಬಿಡುವುದು, ಪೇರೆಂಟ್ಸ್ ಮೀಟಿಂಗಿಗೆ ಹೋಗುವುದು, ಸಂತೆ ಎಲ್ಲ ಅವರಿಗೇ ಬಿಡುತ್ತೇನೆ, ನಾನು ಬಾಯಿ ಹಾಕುವುದಿಲ್ಲ.

2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾದಾಗ ಯಜಮಾನರು ಫೀಲ್ಡಿನಲ್ಲಿದ್ದರು, ನಾನೂ ಮಗನೂ ಶಾಲೆಯ ರಜೆಗೆ ಊರಿನಲ್ಲಿದ್ದೆವು. ಟಿವಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೂಗುತ್ತಿತ್ತು. ಬೀದಿಯವರೆಲ್ಲ ಬಂದು "ಫೋನ್ ಬಂತಾ?" ಎಂದು ಕೇಳುತ್ತಿದ್ದರು. ಅವರದು ನಿಜವಾದ ಪ್ರೀತಿ. ಇಲ್ಲ ಎಂದು ಪ್ರತಿ ಸಲ ಹೇಳುವಾಗ ಅತ್ತೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು, ಮಗ ಎಲ್ಲವನ್ನೂ ನೋಡುತ್ತಿದ್ದ. ಮರುದಿನ ಅತ್ತೆಯನ್ನೂ ಕರೆದುಕೊಂಡು ಮೈಸೂರಿಗೆ ಬಂದೆ. ಟಿವಿ ಹಚ್ಚಲಿಲ್ಲ. ಆದರೆ ಅಕ್ಕಪಕ್ಕದವರಿಗೆ ನಮ್ಮ ಮನೆಯಲ್ಲಿ ಏನು ನಡೆಯುತ್ತಿದೆ ಅಂತಲೇ ಗೊತ್ತಿರಲಿಲ್ಲ, ಅದೂ ಭಾರವೇ. ಮೇ 10ರಂದು ಕದನ ವಿರಾಮವಾದ ಮೇಲೂ ಫೋನು ಬರಲು ಹೊತ್ತು ಹಿಡಿಯಿತು. ಅಂಥ ದಿನಗಳಿಗೆ ಕ್ವಾರ್ಟರ್ಸೇ ಮೇಲು. ಅಲ್ಲಿ ಪಲ್ಟನ್ ಎಕ್ಸರ್‌ಸೈಜಿಗೆ, ಅಂದರೆ ಯುದ್ಧದ ಅಭ್ಯಾಸಕ್ಕೆ, ಹೋದಾಗಲೂ ಒಂದೇ ಮನೆಯಲ್ಲಿ ಸೇರಿ ಅಡುಗೆ ಮಾಡುತ್ತಿದ್ದೆವು, ಏನನ್ನೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಸನದ ಅಕ್ಕನಿಗೆ ಆ ರಾತ್ರಿ ಮೈಸೂರಿನಿಂದಲೇ ಫೋನ್ ಮಾಡಿದೆ, ಬಹಳ ಹೊತ್ತು ಮಾತಾಡಿದೆವು.

ಎಲ್ಲೇ ಇದ್ದರೂ ಮದುವೆಯಾದ ಕೂಡಲೇ ಪಾರ್ಟ್ ಟೂ ಆರ್ಡರ್, ಅಂದರೆ ಮದುವೆಯನ್ನು ಸೇನೆಯ ದಾಖಲೆಗೆ ಸೇರಿಸುವ ಆದೇಶ, ಆಗಿದೆಯಾ ನೋಡಿಕೊಳ್ಳಿ. ಅದರಲ್ಲಿ ನಿಮ್ಮ ಹೆಸರು ಏರದೆ ಡಿಪೆಂಡೆಂಟ್ ಕಾರ್ಡೂ ಇಲ್ಲ, ಆಸ್ಪತ್ರೆಯೂ ಇಲ್ಲ. ಆಧಾರ್, ಪಾನ್, ಬ್ಯಾಂಕ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇರಲಿ. ಜಂಟಿ ಖಾತೆ ಮಾಡಿಸಿ. ಯಜಮಾನರು ಜಮ್ಮು ಕಾಶ್ಮೀರಕ್ಕೆ ಹೊರಟರೆ ಸಿಮ್ ಪೋಸ್ಟ್‌ಪೇಯ್ಡ್ ಇರಬೇಕು, ನಮ್ಮ ಕಡೆಯ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ.

ನನ್ನನ್ನು ಕೇಳಿದರೆ, ಮಗು ಎಳೆಯದಾಗಿರುವಾಗ ಊರು, ಪೀಸ್ ಸಿಕ್ಕಾಗ ಯೋಚಿಸದೆ ಕ್ವಾರ್ಟರ್ಸು, ಫೀಲ್ಡಿನ ವರ್ಷಗಳಿಗೆ ಮೈಸೂರು. ಮುಂದಿನ ಪೀಸ್ ಪೋಸ್ಟಿಂಗ್ ಮಗ ಎಂಟನೇ ತರಗತಿ ಮುಗಿಸುವ ಮೊದಲೇ ಬಂದರೆ ಮೂವರೂ ಹೋಗುತ್ತೇವೆ. ಒಂಬತ್ತಕ್ಕೆ ಬೋರ್ಡಿನ ರಿಜಿಸ್ಟ್ರೇಷನ್ ಆದ ಮೇಲೆ ಬಂದರೆ, ಅವನ ಹತ್ತನೇ ತರಗತಿ ಮುಗಿಯುವವರೆಗೆ ಆಲನಹಳ್ಳಿಯ ಮನೆ ಬಿಡುವುದಿಲ್ಲ ಎಂದು ಯಜಮಾನರಿಗೆ ಈಗಲೇ ಹೇಳಿಟ್ಟಿದ್ದೇನೆ.