ಸ್ಟೀಮ್ ಡೆಕ್: ಬಹುಕಾಲ ಬಳಸಿದ ಮೇಲೆ ಹೇಳಬೇಕೆನಿಸಿದ್ದು ಪವರ್ ಬಟನ್ ಬಗ್ಗೆ

ಸ್ಟೀಮ್ ಡೆಕ್ ಎಂದರೆ ‘ಸ್ಟೀಮ್’ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಕಂಪ್ಯೂಟರ್ ಗೇಮ್‌ಗಳನ್ನು ಕೈಯಲ್ಲಿ ಹಿಡಿದು ಆಡುವ ಯಂತ್ರ. ಅದರ ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಎಂಬುದನ್ನೆಲ್ಲ ನೀವು ಆಗಲೇ ಓದಿರುತ್ತೀರಿ, ಅದನ್ನು ಬಿಡುತ್ತೇನೆ. ವರ್ಷಗಟ್ಟಲೆ ಕೈಯಲ್ಲಿ ಹಿಡಿದಾಡಿದ ಮೇಲೆ ಈ ಯಂತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಅದರ ಮೇಲಂಚಿನಲ್ಲಿರುವ ಪುಟ್ಟ ಪವರ್ ಬಟನ್.

ಒಮ್ಮೆ ಒತ್ತಿದರೆ ಗೇಮ್ ಇದ್ದಲ್ಲೇ ನಿಲ್ಲುತ್ತದೆ. ಸೇವ್ ಪಾಯಿಂಟ್ ಹುಡುಕುತ್ತ ಓಡಬೇಕಿಲ್ಲ, ಮೆನು ತೆರೆಯಬೇಕಿಲ್ಲ. ಗೇಮ್‌ನ ದೊಡ್ಡ ಶತ್ರು ‘ಬಾಸ್’ ಕತ್ತಿ ಎತ್ತಿದ್ದಾನೆ, ನನ್ನ ಪಾತ್ರ ಪಕ್ಕಕ್ಕೆ ಉರುಳುತ್ತಿದೆ, ಅಷ್ಟರಲ್ಲಿ ಯಾರೋ ಬಾಗಿಲು ಬಡಿಯುತ್ತಾರೆ. ಬಟನ್ ಒತ್ತಿ ಎದ್ದು ಹೋಗುತ್ತೇನೆ. ಮರುದಿನ ಮತ್ತೆ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಅದೇ ಕತ್ತಿ ಅಲ್ಲೇ ಗಾಳಿಯಲ್ಲಿ ಇರುತ್ತದೆ. ಒಳಗೆ ನಡೆಯುವುದು ಸರಳ: ಪ್ರೊಸೆಸರ್, ಸ್ಕ್ರೀನ್ ಎಲ್ಲ ಮಲಗುತ್ತವೆ, ಗೇಮ್‌ನ ಸ್ಥಿತಿಯನ್ನು ಹಿಡಿದಿಟ್ಟ ರ್‍ಯಾಮ್‌ಗೆ ಮಾತ್ರ ಚೂರು ವಿದ್ಯುತ್ ಹೋಗುತ್ತಿರುತ್ತದೆ.

ಕಂಪ್ಯೂಟರ್‌ನಲ್ಲೂ ಸ್ಲೀಪ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಆದರೆ ನನ್ನ ಡೆಸ್ಕ್‌ಟಾಪನ್ನು ಗೇಮ್ ನಡುವೆ ಮಲಗಿಸಿ ಎಬ್ಬಿಸಿದರೆ ಒಮ್ಮೆ ಸದ್ದು ಮಾಯ, ಇನ್ನೊಮ್ಮೆ ಗೇಮೇ ಮಾಯ. ಹಾಗಾಗಿ ಅಲ್ಲಿ ಆಡುವುದೆಂದರೆ ಪ್ರತಿಸಲವೂ ಮೊದಲಿನಿಂದ ಶುರು: ಕುರ್ಚಿ ಎಳೆದು ಕೂರು, ಆನ್ ಮಾಡು, ಡ್ರೈವರ್ ಅಪ್‌ಡೇಟ್ ಬಂದಿದ್ದರೆ ಕಾಯಿ, ಲಾಂಚರ್ ತೆರೆ, ಗೇಮ್ ತಯಾರಕರ ಲೋಗೋಗಳನ್ನು ದಾಟು. ಇಪ್ಪತ್ತು ನಿಮಿಷ ಮಾತ್ರ ಬಿಡುವಿದ್ದ ದಿನ ನಾನು ಕಂಪ್ಯೂಟರ್ ಮುಟ್ಟುತ್ತಲೇ ಇರಲಿಲ್ಲ. ಈಗ ಆ ಇಪ್ಪತ್ತು ನಿಮಿಷವೂ ಆಟದ ಹೊತ್ತು. ಅರ್ಧಕ್ಕೆ ಬಿಟ್ಟಿದ್ದ ದೊಡ್ಡ ರೋಲ್ ಪ್ಲೇಯಿಂಗ್ ಗೇಮ್‌ಗಳನ್ನು ನಾನು ಮುಗಿಸಿದ್ದು ಹೀಗೆ ಚೂರುಚೂರಾಗಿಯೇ.

ರಾತ್ರಿಯ ಆಟಕ್ಕೆ ಒಂದು ಕ್ರಮ ತಾನಾಗಿ ಬೆಳೆದಿದೆ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಡೆಕ್. (ನನ್ನದು ಎಲ್‌ಸಿಡಿ ಮಾದರಿ, 669 ಗ್ರಾಂ ತೂಗುತ್ತದೆ. ಅಂಗಾತ ಮಲಗಿ ಎತ್ತಿ ಹಿಡಿದರೆ ಮಣಿಕಟ್ಟು ಬೇಗ ಸೋಲುತ್ತದೆ.) ಬಲಗಡೆಯ ಮೂರು ಚುಕ್ಕಿಯ ಬಟನ್ ಒತ್ತಿ ಫ್ರೇಮ್ ಮಿತಿಯನ್ನು, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು, 40ಕ್ಕೆ ಇಳಿಸುತ್ತೇನೆ. 30 ಫ್ರೇಮ್‌ನಲ್ಲಿ ಒಂದೊಂದು ಚಿತ್ರಕ್ಕೆ 33.3 ಮಿಲಿಸೆಕೆಂಡ್, 60ರಲ್ಲಿ 16.7, 40ರಲ್ಲಿ 25, ಅಂದರೆ ಎರಡರ ನಟ್ಟನಡುವೆ. ಅದಕ್ಕೇ ಕಣ್ಣಿಗೆ ಅದು 30ರ ಹಾಗೆ ತಡವರಿಸುವುದಿಲ್ಲ. ಆಮೇಲೆ ಚಿಪ್‌ನ ವ್ಯಾಟ್ ಮಿತಿಯನ್ನು ಒಂದೊಂದೇ ಅಂಕಿ ಇಳಿಸುತ್ತ ಹೋಗುತ್ತೇನೆ. ಗೇಮ್ ಮುಗ್ಗರಿಸಿದ ಕಡೆ ಒಂದು ಅಂಕಿ ಮೇಲೇರಿಸಿ ಬಿಡುತ್ತೇನೆ. ಫ್ಯಾನ್ ಸದ್ದು ತಗ್ಗುತ್ತದೆ, ಬ್ಯಾಟರಿ ಉಳಿಯುತ್ತದೆ. ಲೆಕ್ಕ ನೇರವಾಗಿದೆ: ಬ್ಯಾಟರಿ 40 ವ್ಯಾಟ್-ಅವರ್. ಇಡೀ ಯಂತ್ರ 20 ವ್ಯಾಟ್ ಎಳೆದರೆ ಎರಡು ಗಂಟೆ, 10ಕ್ಕೆ ಇಳಿಸಿದರೆ ನಾಲ್ಕು. ಇದನ್ನು ಹೊಂದಿಸುವ ಕೆಲಸವೇ ನನಗೆ ಅರ್ಧ ಆಟದಷ್ಟು ಖುಷಿ ಕೊಡುತ್ತದೆ.

ಇನ್ನು ಕಣ್ಣಿನ ವಿಷಯ. ಇಲ್ಲಿ ನನಗೆ ನಿಜವಾಗಿಯೂ ಬೇಸರವಿದೆ.

ಅನೇಕ ಗೇಮ್‌ಗಳ ಅಕ್ಷರಗಳು ಮೇಜಿನ ಮೇಲಿನ ದೊಡ್ಡ ಮಾನಿಟರ್ ನೋಡಿ ಅಳೆದಂಥವು. ಅವನ್ನೇ ತಂದು ಏಳು ಇಂಚಿನ ಸ್ಕ್ರೀನ್‌ಗೆ ಇಳಿಸಿದರೆ ಏನಾಗಬಹುದು? ಡೆಕ್‌ಗೆ ತಕ್ಕ ಗೇಮ್ ಎಂಬ ‘ವೆರಿಫೈಡ್’ ಗುರುತು ಪಡೆಯಲು ಅಕ್ಷರದ ಎತ್ತರ ಕನಿಷ್ಠ 9 ಪಿಕ್ಸೆಲ್ ಇರಬೇಕು ಎಂಬ ನಿಯಮವಿದೆ. 1280×800 ಪಿಕ್ಸೆಲ್‌ಗಳ ಈ ಸ್ಕ್ರೀನ್ ಮೇಲೆ 9 ಪಿಕ್ಸೆಲ್ ಎಂದರೆ ಸುಮಾರು ಒಂದು ಮಿಲಿಮೀಟರ್! ನಿಯಮ ಪಾಲಿಸಿದ ಗೇಮ್‌ನ ಗತಿಯೇ ಇದು. ನಾನು ತುಂಬ ಆಸೆಯಿಂದ ಹಾಕಿಕೊಂಡ ಒಂದು ಸ್ಟ್ರಾಟೆಜಿ ಗೇಮ್‌ನಲ್ಲಿ ಸೈನ್ಯದ ಸಂಖ್ಯೆ 3 ಇದೆಯೋ 8 ಇದೆಯೋ ತಿಳಿಯದೆ ಡೆಕ್ಕನ್ನು ಮೂಗಿನ ಹತ್ತಿರ ತರಬೇಕಾಯಿತು. ಸ್ಟೀಮ್ ಬಟನ್ ಜೊತೆ ಎಲ್1 ಒತ್ತಿದರೆ ಭೂತಗನ್ನಡಿ ಬರುತ್ತದೆ, ನಿಜ. ಆದರೆ ಪ್ರತಿ ಸರದಿಯಲ್ಲೂ ಭೂತಗನ್ನಡಿ ಹಿಡಿದು ಯಾರು ಆಡುತ್ತಾರೆ? ಅಕ್ಷರ ದೊಡ್ಡದು ಮಾಡುವ ಒಂದು ಸ್ಲೈಡರ್ ಇಡಲು ಗೇಮ್ ತಯಾರಕರಿಗೆ ಏನು ಕಷ್ಟವೋ ನನಗೆ ಅರ್ಥವಾಗಿಲ್ಲ. ಕೆಲವರು ಇಟ್ಟಿದ್ದಾರೆ, ಅವರ ಗೇಮ್‌ಗಳನ್ನು ನಾನು ಹುಡುಕಿ ಹುಡುಕಿ ಆಡುತ್ತೇನೆ.

ನಾನು ಇಷ್ಟು ಹೊಗಳಿದ ಪವರ್ ಬಟನ್‌ಗೂ ಒಂದು ಗಡಿ ಇದೆ. ಆಟ ಎಲ್ಲಿಗೆ ಬಂತೆಂಬ ದಾಖಲೆ, ಅಂದರೆ ಸೇವ್, ಕ್ಲೌಡ್‌ಗೆ (ಸ್ಟೀಮ್‌ನ ಸರ್ವರ್‌ಗೆ) ಏರುವುದು ಸಾಮಾನ್ಯವಾಗಿ ಗೇಮ್ ಮುಚ್ಚಿದಾಗ. ಮಲಗಿಸಿದ ಗೇಮ್ ಮುಚ್ಚಿದ ಗೇಮ್ ಅಲ್ಲ. ಆದ್ದರಿಂದ ಇಲ್ಲಿ ಮಲಗಿಸಿಟ್ಟು ಕಂಪ್ಯೂಟರ್‌ನಲ್ಲಿ ಮುಂದುವರಿಸುತ್ತೇನೆಂದರೆ ಅಲ್ಲಿ ಸಿಗುವುದು ಹಳೆಯ ಸೇವ್. ಮಲಗಿಸುವಾಗಲೇ ಸೇವ್ ಕಳಿಸುವ ಸೌಲಭ್ಯ 2022ರಲ್ಲಿ ಬಂದಿದೆ, ಆದರೆ ಗೇಮ್ ತಯಾರಕರು ಅದನ್ನು ಅಳವಡಿಸಿದ್ದರೆ ಮಾತ್ರ ಉಪಯೋಗ. ಆನ್‌ಲೈನ್ ಆಟಗಳಲ್ಲಂತೂ ಮಲಗಿಸಿದರೆ ಸಂಪರ್ಕವೇ ಕಡಿಯುತ್ತದೆ. ವ್ಯಾಲೊರಂಟ್, ಫೋರ್ಟ್‌ನೈಟ್‌ನಂಥವು ಆಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ) ಕಾರಣದಿಂದ ಡೆಕ್‌ನ ಲಿನಕ್ಸ್ ಆಧಾರದ ಕಾರ್ಯವ್ಯವಸ್ಥೆ ಸ್ಟೀಮ್ ಓಎಸ್‌ನಲ್ಲಿ ಓಡುವುದೇ ಇಲ್ಲ.

ಹಾಗಾಗಿ ಈಗ ನನ್ನಲ್ಲಿ ಗೇಮ್‌ಗಳ ಪಾಲಾಗಿದೆ. ಮೌಸ್ ಬೇಡುವ, ಅಂಕಿ ತುಂಬಿದ ಆಟಗಳೆಲ್ಲ ಕಂಪ್ಯೂಟರ್‌ಗೆ. ಕಥೆಯಿರುವ, ಕಂಟ್ರೋಲರ್‌ಗೆ ಒಗ್ಗುವ ಆಟಗಳೆಲ್ಲ ಡೆಕ್‌ಗೆ. ಒಂದೇ ಗೇಮನ್ನು ಎರಡರಲ್ಲೂ ಆಡುವುದನ್ನು ಬಿಟ್ಟಿದ್ದೇನೆ, ಸೇವ್‌ನ ಗೊಂದಲವೂ ತಪ್ಪಿದೆ. ಬರಬರುತ್ತ ಡೆಕ್ ಪಾಲೇ ಹಿಗ್ಗುತ್ತಿದೆ.

ನನ್ನ ಬಜೆಟ್ ಚಿಕ್ಕದು, ಅದಕ್ಕೇ ಇನ್ನೊಂದು ಮಾತು. ಕಂಪ್ಯೂಟರ್‌ಗೆಂದು ವರ್ಷಗಳಿಂದ ಸೇಲ್‌ನಲ್ಲಿ ಕೂಡಿಹಾಕಿದ್ದ ಗೇಮ್‌ಗಳಲ್ಲಿ ಬಹುಪಾಲು ಪ್ರೋಟಾನ್ (ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಮೂಲಕ ಇಲ್ಲಿಯೂ ಓಡಿದವು. ಯಾವುದನ್ನೂ ಎರಡನೇ ಸಲ ಕೊಳ್ಳಬೇಕಾಗಲಿಲ್ಲ. ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿಯುವ ಗೇಮ್ ಯಂತ್ರ ‘ಸ್ವಿಚ್’ ಕೊಂಡಿದ್ದರೆ ಅವುಗಳಲ್ಲಿ ಬೇಕಾದವನ್ನು ಮತ್ತೆ ದುಡ್ಡು ಕೊಟ್ಟೇ ತರಬೇಕಿತ್ತು. ಹಳೆಯ ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಯೋಚನೆಯನ್ನೂ ಸದ್ಯಕ್ಕೆ ಕೈಬಿಟ್ಟಿದ್ದೇನೆ.

ಕೊಳ್ಳುವ ಯೋಚನೆಯಿದ್ದರೆ ಮೊದಲು ಸ್ಟೀಮ್ ಅಂಗಡಿಯಲ್ಲಿ ನಿಮ್ಮ ಗೇಮ್‌ಗಳ ಪುಟ ತೆರೆದು ಅಲ್ಲಿನ ಡೆಕ್ ಗುರುತು ನೋಡಿ. ಹಸಿರು (ವೆರಿಫೈಡ್) ಇದ್ದರೆ ಹೆಚ್ಚು ಚಿಂತೆಯಿಲ್ಲ. ಹಳದಿ ಇದ್ದರೆ ಅದರ ಮೇಲೆ ಒತ್ತಿ ಕಾರಣ ಓದಿ. ಅಕ್ಷರ ಸಣ್ಣದು ಎಂದು ಅಲ್ಲಿ ಬರೆದಿದ್ದರೆ ದಯವಿಟ್ಟು ನಂಬಿ, ಆ ಗೇಮನ್ನು ಮಾನಿಟರ್‌ಗೇ ಬಿಡಿ.