ಹೀಟರ್ ಪೈಪಿಗೆ ಹಾಕಿಸಿದ ಒಂದು ಪುಟ್ಟ ನಲ್ಲಿ: 3 ವರ್ಷ ಬಳಸಿದ ಮೇಲೆ

ಬಾನೆಟ್ ಎತ್ತಿ ಎಂಜಿನ್ ಹಿಂದೆ ಬಗ್ಗಿ ನೋಡಿದರೆ ಎರಡು ಕಪ್ಪು ರಬ್ಬರ್ ಪೈಪ್‌ಗಳು ಕ್ಯಾಬಿನ್ ಕಡೆಯ ತಗಡಿನೊಳಗೆ ಹೋಗುವುದು ಕಾಣುತ್ತದೆ. ನನ್ನ ಕಾರಿನಲ್ಲಿ ಅದರಲ್ಲೊಂದರ ನಡುವೆ ಹೆಬ್ಬೆರಳಿನಷ್ಟು ಉದ್ದದ ಹಿತ್ತಾಳೆ ನಲ್ಲಿ ಇದೆ. ಕಾರಿನ ಜೊತೆ ಬಂದಿದ್ದಲ್ಲ, ಕಾರಿನೊಳಗೆ ಬೇಡದ ಬಿಸಿ ಬರದಿರಲಿ ಅಂತ ಆಮೇಲೆ ಹಾಕಿಸಿದ್ದು. ಈ ವಿಮರ್ಶೆ ಆ ನಲ್ಲಿಯದ್ದು. ಒಟ್ಟು 3 ವರ್ಷ ಬಳಸಿದ್ದೇನೆ. ಮೊದಲ 13 ತಿಂಗಳು ಪ್ಲಾಸ್ಟಿಕ್ಕಿನದು, ಆಮೇಲಿನದೆಲ್ಲ ಹಿತ್ತಾಳೆಯದು.

ಕಾರಿಗೆ 9 ವರ್ಷ ಆಗಿದ್ದಾಗ ತೊಂದರೆ ಶುರುವಾಯಿತು. ಏಸಿ ಆಫ್, ನಾಬ್ ನೀಲಿ ಗುರುತಿನ ಕೊನೆಯಲ್ಲಿ, ಫ್ಯಾನ್ ಎರಡರಲ್ಲಿ. ಆದರೂ ಬರುವ ಗಾಳಿ ಬಿಸಿ. ಫ್ಯಾನ್ ಆರಿಸಿದರೂ ಬಿಡುತ್ತಿರಲಿಲ್ಲ, ಕಾರು ಓಡುವಾಗ ಕಾಲಿನ ಹತ್ತಿರ ಬೆಚ್ಚಗೆ ನುಸುಳುತ್ತಲೇ ಇತ್ತು. ಏಸಿ ಹಾಕಿದರೆ ತಣ್ಣಗಾಗುತ್ತಿತ್ತು, ಆದರೆ ಅರೆಮನಸ್ಸಿನಿಂದ. ಪಕ್ಕದ ಸೀಟಿನಲ್ಲಿ ಕೂತ ಅಮ್ಮ ಒಂದು ದಿನ ಚಪ್ಪಲಿ ಬಿಚ್ಚಿ ಕಾಲು ಮೇಲೆತ್ತಿಕೊಂಡು, "ನಿನ್ನ ಕಾರಿಗಿಂತ ನನ್ನ ಅಡುಗೆಮನೆ ತಣ್ಣಗಿರುತ್ತೆ ಕಣೋ" ಅಂದರು.

ಮೊದಲು ಮಾಡಿದ್ದೆಲ್ಲ ದಡ್ಡತನ. ಬಿಸಿಲಿನಿಂದ ಇರಬೇಕು ಅಂತ ಗಾಜಿಗೆ ಪರದೆ ಹಾಕಿದೆ. ಗಾಳಿ ಬರುವ ಕಿಂಡಿಗಳನ್ನು ಮುಚ್ಚಿದೆ. ಒಂದು ಕಡೆ ಮುಚ್ಚಿದರೆ ಆ ಗಾಳಿ ಇನ್ನೊಂದು ಕಡೆಯಿಂದ ಬರುತ್ತದೆ, ಅಷ್ಟೇ. ನನ್ನ ಮುಖ ತಪ್ಪಿಸಿಕೊಂಡಿತು, ಅಮ್ಮನ ಕಾಲು ಸಿಕ್ಕಿಹಾಕಿಕೊಂಡಿತು. ಏಸಿ ಗ್ಯಾಸ್ ಕೂಡ ತುಂಬಿಸಿದೆ. ಗ್ಯಾಸ್ ಸರಿಯಾಗೇ ಇತ್ತು, ದುಡ್ಡು ದಂಡ.

ಆಮೇಲೆ ಒಂದು ಬೆಳಿಗ್ಗೆ ಗಮನಿಸಿದೆ. ಎಂಜಿನ್ ತಣ್ಣಗಿದ್ದಾಗ ಹೊರಟರೆ ಮೊದಲ ಐದಾರು ನಿಮಿಷ ಗಾಳಿ ಚೆನ್ನಾಗೇ ಬರುತ್ತದೆ. ಟೆಂಪರೇಚರ್ ಮುಳ್ಳು ಮೇಲೇರುತ್ತಾ ಹೋದ ಹಾಗೆ ಗಾಳಿಯೂ ಬಿಸಿಯಾಗುತ್ತದೆ. ಅಂದರೆ ಬಿಸಿ ಬರುತ್ತಿರುವುದು ಬಿಸಿಲಿನಿಂದಲ್ಲ, ಎಂಜಿನ್‌ನಿಂದ. ನಿಮಗೂ ಇದೇ ತೊಂದರೆ ಇದ್ದರೆ ಮೊದಲು ಈ ಪರೀಕ್ಷೆ ಮಾಡಿ. ಖರ್ಚಿಲ್ಲ, ಸ್ಪ್ಯಾನರ್ ಬೇಕಿಲ್ಲ.

ಒಳಗೆ ಆಗುವುದು ಇಷ್ಟು. ಎಂಜಿನ್ ತಂಪು ಮಾಡುವ ಕೂಲಂಟ್ ಸುಮಾರು 90 ಡಿಗ್ರಿ ಬಿಸಿಯಲ್ಲಿ ಓಡಾಡುತ್ತಿರುತ್ತದೆ. ಅದರ ಒಂದು ಪಾಲು ಡ್ಯಾಶ್‌ಬೋರ್ಡ್ ಹಿಂದೆ ಕೂತಿರುವ ಪುಟ್ಟ ರೇಡಿಯೇಟರ್‌ಗೆ ಹೋಗಿ ಬರುತ್ತದೆ. ಅದೇ ಹೀಟರ್ ಕೋರ್. ಫ್ಯಾನಿನ ಗಾಳಿ ಮೊದಲು ಏಸಿಯ ಕೂಲಿಂಗ್ ಕಾಯಿಲ್ ದಾಟುತ್ತದೆ, ಆಮೇಲೆ ಒಂದು ಫ್ಲಾಪ್ ಸಿಗುತ್ತದೆ. ನಾವು ನಾಬ್ ತಿರುಗಿಸುವುದು ಆ ಫ್ಲಾಪಿಗಾಗಿ. ನೀಲಿ ಕಡೆ ಇಟ್ಟರೆ ಅದು ಹೀಟರ್ ಕೋರ್‌ನ ಬಾಗಿಲು ಮುಚ್ಚಬೇಕು. ಹಳೆಯ ಎಷ್ಟೋ ಕಾರುಗಳಲ್ಲಿ ಬಿಸಿನೀರನ್ನೇ ತಡೆಯುವ ವಾಲ್ವ್ ಇರುತ್ತಿತ್ತು. ಈಗಿನ ಹೆಚ್ಚಿನ ಕಾರುಗಳಲ್ಲಿ ಅದಿಲ್ಲ. ಬೇಸಿಗೆ ಆಗಲಿ ಚಳಿ ಆಗಲಿ ಹೀಟರ್ ಕೋರ್ ಬಿಸಿಯಾಗೇ ಇರುತ್ತದೆ, ಕಾವಲಿಗೆ ಇರುವುದು ಆ ಫ್ಲಾಪ್ ಒಂದೇ.

ಆ ಫ್ಲಾಪಿನ ಅಂಚಿಗೆ ಫೋಮ್ ಅಂಟಿಸಿರುತ್ತಾರೆ, ಸಂದಿಲ್ಲದೆ ಕೂರಲಿ ಅಂತ. ನನ್ನ ಕಾರಿನಲ್ಲಿ ಅದು ಪುಡಿಯಾಗಿತ್ತು. ಇದರ ಸುಳಿವು ತಿಂಗಳುಗಟ್ಟಲೆ ಕಣ್ಣೆದುರೇ ಇತ್ತು. ಡ್ಯಾಶ್‌ಬೋರ್ಡ್ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚೂರುಗಳು ಬಿದ್ದಿರುತ್ತಿದ್ದವು. ರಸ್ತೆ ಧೂಳು ಅಂತ ಒರೆಸಿ ಹಾಕುತ್ತಿದ್ದೆ. ಒಂದು ದಿನ ಬೆರಳ ತುದಿಯಲ್ಲಿ ಹಿಡಿದು ಒತ್ತಿದೆ. ಮೆತ್ತಗೆ ಅಮುಕಿ, ಬೆರಳಿಗೆ ಅಂಟಿಕೊಂಡಿತು, ಕಪ್ಪು ಕಲೆ ಬಿಟ್ಟಿತು. ಧೂಳು ಹಾಗೆ ಅಂಟುವುದಿಲ್ಲ ಅಲ್ವಾ?

ಮೆಕ್ಯಾನಿಕ್ ಹತ್ತಿರ ಹೋದರೆ ಅವರು ತಲೆ ಕೆರೆದುಕೊಂಡರು. "ಸಾರ್, ಫ್ಲಾಪ್ ಮುಟ್ಟಬೇಕು ಅಂದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು. ಎರಡು ದಿನ ಗಾಡಿ ಬಿಡಿ. ಹಳೇ ಪ್ಲಾಸ್ಟಿಕ್ಕು, ಕ್ಲಿಪ್ ಮುರಿದ್ರೆ ನನ್ನ ಬೈಬೇಡಿ." ಅಷ್ಟು ಹೇಳಿದ ಮೇಲೆ ಅವರೇ ಇನ್ನೊಂದು ದಾರಿ ಹೇಳಿದರು. "ಬಾಗಿಲು ಮುಚ್ಚಲಿಲ್ಲ ಅಂದ್ರೆ ಒಲೆನೇ ಆರಿಸಿಬಿಡೋಣ."

ಒಲೆ ಆರಿಸುವ ಸಾಮಾನೇ ಈ ನಲ್ಲಿ. ಹೀಟರ್ ಕೋರ್‌ಗೆ ಹೋಗುವ ಪೈಪನ್ನು ಕತ್ತರಿಸಿ ನಡುವೆ ಸೇರಿಸಿ, ಎರಡೂ ಕಡೆ ಕ್ಲ್ಯಾಂಪ್ ಬಿಗಿಯುವುದು. ನನ್ನದು 16 ಮಿಲಿಮೀಟರ್ ಪೈಪ್. 19 ಮಿಲಿಮೀಟರ್ ಇರುವ ಕಾರುಗಳೂ ಇವೆ, ಅಳತೆ ನೋಡಿಕೊಂಡೇ ತನ್ನಿ. ಹೋಗುವ ಪೈಪ್ ಯಾವುದು, ಬರುವ ಪೈಪ್ ಯಾವುದು ಅಂತ ಗೊತ್ತಾಗದಿದ್ದರೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಎರಡನ್ನೂ ಆಗಾಗ ಮುಟ್ಟಿ ನೋಡಿ. ಮೊದಲು ಬೆಚ್ಚಗಾಗುವುದು ಹೋಗುವ ಪೈಪ್. ಹಾಕುವ ಕೆಲಸ ಮಾತ್ರ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ, ಇದು ತಮಾಷೆಯಲ್ಲ. ಚೆಲ್ಲಿದ ಕೂಲಂಟ್ ಅಲ್ಲೇ ಬಿಡಬೇಡಿ. ರುಚಿ ಸಿಹಿ, ಆದರೆ ವಿಷ. ನಾಯಿ ಬೆಕ್ಕು ನೆಕ್ಕಿಬಿಡುತ್ತವೆ.

ಹಾಕಿಸಿದ ದಿನ ಅಡುಗೆಮನೆಯ ಥರ್ಮಾಮೀಟರ್ ಕದ್ದು ತಂದು ನಡುವಿನ ಕಿಂಡಿಗೆ ಸಿಗಿಸಿ ನೋಡಿದ್ದೆ. ಹೊರಗೆ 34 ಡಿಗ್ರಿ. ಅರ್ಧ ಗಂಟೆ ಓಡಿಸಿದ ಮೇಲೆ, ಏಸಿ ಇಲ್ಲದೆ, ನಲ್ಲಿ ತೆರೆದಿದ್ದಾಗ ಕಿಂಡಿಯಲ್ಲಿ 47. ನಲ್ಲಿ ಮುಚ್ಚಿ ಹತ್ತು ನಿಮಿಷ ಬಿಟ್ಟು ನೋಡಿದರೆ 37. ಆ ಉಳಿದ ಮೂರು ಡಿಗ್ರಿ ಹೋಗುವುದಿಲ್ಲ, ಬಿಡಿ. ಗಾಳಿ ಒಳಗೆ ಬರುವ ಜಾಗ ಮುಂದಿನ ಗಾಜಿನ ಬುಡದಲ್ಲಿ, ಕಾದ ಬಾನೆಟ್ಟಿನ ಪಕ್ಕದಲ್ಲೇ ಇದೆ. ನಿಜವಾದ ಖುಷಿ ಏಸಿ ಹಾಕಿದಾಗ ಸಿಕ್ಕಿತು. ಮೊದಲು 17ಕ್ಕೆ ನಿಲ್ಲುತ್ತಿದ್ದ ಗಾಳಿ 9ಕ್ಕೆ ಇಳಿಯಿತು. ಇಷ್ಟು ದಿನ ಏಸಿ ತಣ್ಣಗೆ ಮಾಡಿದ್ದನ್ನು ಹೀಟರ್ ಪಕ್ಕದಲ್ಲೇ ಕೂತು ಬಿಸಿ ಮಾಡುತ್ತಿತ್ತು.

ಮೊದಲ ಬೇಸಿಗೆ ಹಾಯಾಗಿ ಕಳೆಯಿತು. ಮಳೆ ಶುರುವಾದಾಗ ಮೊದಲ ಪಾಠ. ಒಂದು ಸಂಜೆ ಕಾರಿನಲ್ಲಿ ನಾಲ್ಕು ಜನ, ಎಲ್ಲರ ಬಟ್ಟೆಯೂ ಒದ್ದೆ, ಮುಂದಿನ ಗಾಜು ಹಾಲು ಬಳಿದ ಹಾಗೆ ಮಂಜಾಯಿತು. ಅಭ್ಯಾಸಬಲದಿಂದ ಹೀಟರ್ ಹಾಕಿದೆ. ನಲ್ಲಿ ಮುಚ್ಚಿದೆಯಲ್ಲ, ಬಿಸಿ ಎಲ್ಲಿಂದ ಬರಬೇಕು? ಏಸಿ ಹಾಕಿದ ಮೇಲೆ ಗಾಜು ತಿಳಿಯಾಯಿತು, ಏಸಿ ಗಾಳಿಯ ತೇವ ಹೀರುತ್ತದೆ. ಆದರೆ ತೀರಾ ಚಳಿ ಇರುವ ಕಡೆ ಏಸಿ ಕಂಪ್ರೆಸರ್ ಶುರುವೇ ಆಗದಿರಬಹುದು, ಅಲ್ಲಿ ಬಿಸಿಗಾಳಿ ಬೇಕೇ ಬೇಕು. ಚಳಿಗಾಲಕ್ಕೆ ಮುಂಚೆ ನಲ್ಲಿ ತೆರೆಯುವುದನ್ನು ಮರೆಯಬಾರದು.

13ನೇ ತಿಂಗಳಲ್ಲಿ ಬಾನೆಟ್ ಎತ್ತಿದಾಗ ಸಣ್ಣಗೆ ಸಿಹಿ ವಾಸನೆ ಬಂತು. ನಲ್ಲಿಯ ಕತ್ತಿನ ಸುತ್ತ ಒಣಗಿದ ಉಪ್ಪಿನ ಹಾಗೆ ಪದರ ಕಟ್ಟಿತ್ತು. ಉಗುರಿನಿಂದ ಕೆರೆದರೆ ಕೆಳಗೆ ಕೂದಲೆಳೆಯಷ್ಟು ಬಿರುಕು. ಪ್ಲಾಸ್ಟಿಕ್ ದಿನಾ ಕಾದು ಆರಿ, ಕಾದು ಆರಿ ಪೆಡಸಾಗಿತ್ತು. ಪುಣ್ಯಕ್ಕೆ ನಿಂತಲ್ಲೇ ಸಿಕ್ಕಿತು. ದಾರಿಯಲ್ಲಿ ಒಡೆದಿದ್ದರೆ ಕೂಲಂಟ್ ಎಲ್ಲ ಸೋರಿ ಎಂಜಿನ್ನೇ ಹೋಗುತ್ತಿತ್ತು. ಆದ್ದರಿಂದ ಪ್ಲಾಸ್ಟಿಕ್ ನಲ್ಲಿಗೆ ನನ್ನ ಅಂಕ 5ರಲ್ಲಿ 2. ಮನೆಯ ನೀರಿನ ಪೈಪಿಗೆ ಹಾಕುವ ಪಿವಿಸಿ ನಲ್ಲಿಯಂತೂ ಬೇಡವೇ ಬೇಡ, ಈ ಬಿಸಿಗೆ ಅದು ಮೆತ್ತಗಾಗುತ್ತದೆ.

ಹಿತ್ತಾಳೆಯದು ಹಾಕಿಸಿ ಸುಮಾರು 2 ವರ್ಷ. ಒಂದು ಹನಿ ಸೋರಿಲ್ಲ. ಒಳಗಿರುವುದು ಗುಂಡು, ಕಾಲು ಸುತ್ತು ತಿರುಗಿಸಿದರೆ ಮುಚ್ಚುತ್ತದೆ. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ, ನೋಡಿದರೇ ಗೊತ್ತಾಗುತ್ತದೆ. ಕೊರತೆ ಎರಡು. ಭಾರ ಜಾಸ್ತಿ, ಗುಂಡಿ ಬಂದಾಗ ರಬ್ಬರ್ ಪೈಪನ್ನು ಜಗ್ಗುತ್ತದೆ. ಒಂದು ಕೇಬಲ್ ಟೈ ಹಾಕಿ ಪಕ್ಕದ ಬ್ರಾಕೆಟ್ಟಿಗೆ ಕಟ್ಟಿದ್ದೇನೆ. ಇನ್ನೊಂದು, ಮುಚ್ಚಿ ತಿಂಗಳುಗಟ್ಟಲೆ ಬಿಟ್ಟರೆ ಬಿಗಿಯುತ್ತದೆ. ಒಮ್ಮೆ ಇಕ್ಕಳ ಹಿಡಿದು ತಿರುಗಿಸಬೇಕಾಯಿತು. ಈಗ ತಿಂಗಳಿಗೊಮ್ಮೆ ಟೈರ್ ಗಾಳಿ ಚೆಕ್ ಮಾಡಿಸುವ ದಿನ ತೆರೆದು ಸ್ವಲ್ಪ ದೂರ ಓಡಿಸಿ ಮತ್ತೆ ಮುಚ್ಚುತ್ತೇನೆ. ಹೀಟರ್ ಕೋರ್‌ನಲ್ಲಿ ನಿಂತ ನೀರೂ ಒಮ್ಮೆ ಓಡಾಡಿದ ಹಾಗಾಗುತ್ತದೆ. ಇದಕ್ಕೆ 5ರಲ್ಲಿ 4.

ಪೂರ್ತಿ 5 ಕೊಡದಿರಲು ನಲ್ಲಿಯ ತಪ್ಪಿಗಿಂತ ನನ್ನ ತಪ್ಪೇ ದೊಡ್ಡ ಕಾರಣ. ಎರಡನೇ ವರ್ಷ ಫ್ಯೂಸ್ ಹುಡುಕಲು ಗ್ಲೋವ್‌ಬಾಕ್ಸ್ ಬಿಚ್ಚಿದ್ದೆ. ಟಾರ್ಚ್ ಬಿಟ್ಟು ನೋಡಿದರೆ ಫ್ಲಾಪ್ ಎಳೆಯುವ ಕೇಬಲ್ ಕಾಣಿಸಿತು. ನಾಬ್ ತಿರುಗಿಸಿದಾಗ ತಂತಿಯ ಜೊತೆ ಅದರ ಹೊರಕವಚವೂ ಜಾರುತ್ತಿತ್ತು. ಕವಚ ಹಿಡಿಯುವ ಕ್ಲಿಪ್ ಕಳಚಿ ಪಕ್ಕದಲ್ಲಿ ತೂಗಾಡುತ್ತಿತ್ತು. ಒತ್ತಿದೆ, ಟಕ್ ಅಂತ ಕೂತಿತು. ಅವತ್ತು ನಲ್ಲಿ ತೆರೆದು ನೋಡಿದರೆ ಬಿಸಿ ಅರ್ಧಕ್ಕರ್ಧ ಕಡಿಮೆ! ತೊಂದರೆ ಶುರುವಾದಾಗಲೇ ಐದು ನಿಮಿಷ ಬಗ್ಗಿ ನೋಡಿದ್ದರೆ ಆಗುತ್ತಿತ್ತು. ಫೋಮ್ ಹೋಗಿರುವುದರಿಂದ ಉಳಿದರ್ಧ ಬಿಸಿ ಈಗಲೂ ಇದೆ, ಹಾಗಾಗಿ ನಲ್ಲಿಯೂ ಉಳಿದಿದೆ.

ಆದ್ದರಿಂದ ಪೈಪ್ ಕತ್ತರಿಸುವ ಮುಂಚೆ ಕೇಬಲ್ ನೋಡಿ. ಕೇಬಲ್ ಬದಲು ಮೋಟಾರ್ ಇರುವ ಕಾರಾದರೆ ನಾಬ್ ತಿರುಗಿಸಿದಾಗ ಡ್ಯಾಶ್‌ಬೋರ್ಡ್ ಒಳಗಿಂದ ಟಕ ಟಕ ಸದ್ದು ಬರುತ್ತದಾ ಕೇಳಿ. ಬಂದರೆ ಹೆಚ್ಚಾಗಿ ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿದಿರುತ್ತದೆ, ಆ ಮೋಟಾರ್ ಬದಲಿಸುವುದೇ ಸರಿ. ಎಡಕ್ಕೆ ಬಿಸಿ, ಬಲಕ್ಕೆ ತಂಪು ಬರುವ ಕಾರಿಗೆ ಈ ನಲ್ಲಿ ಮದ್ದಲ್ಲ. ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್ ತೂತಾಗಿದೆ, ಅದು ಬೇರೆಯೇ ಕಥೆ. ಬಿಸಿ ಸ್ವಲ್ಪವೇ ಇದ್ದರೆ ಗಾಳಿ ಒಳಗೇ ತಿರುಗುವ ಬಟನ್ ಒತ್ತಿ ನೋಡಿ, ಹೊರಗಿನ ಗಾಳಿ ತಳ್ಳುವುದು ನಿಂತು ಎಷ್ಟೋ ಕಡಿಮೆಯಾಗುತ್ತದೆ. ತುಂಬಾ ಹೊತ್ತು ಹಾಗೇ ಬಿಡಬೇಡಿ, ಗಾಳಿ ಕೆಟ್ಟು ತೂಕಡಿಕೆ ಬರುತ್ತದೆ.

ಇನ್ನೊಂದು ವಿಷಯ ಮಾತ್ರ ಮೆಕ್ಯಾನಿಕ್ ಹತ್ತಿರ ಕೇಳದೆ ಮಾಡಬೇಡಿ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ಕೂಲಂಟನ್ನು ದೊಡ್ಡ ರೇಡಿಯೇಟರ್‌ಗೆ ಬಿಡದ ವಾಲ್ವ್) ಮುಚ್ಚಿರುವಾಗ ಕೂಲಂಟ್ ಸುತ್ತುವ ದಾರಿಯೇ ಹೀಟರ್ ಪೈಪ್. ಅಲ್ಲಿ ಸೀದಾ ನಲ್ಲಿ ಹಾಕಿ ಮುಚ್ಚಿದರೆ ಎಂಜಿನ್‌ಗೇ ಪೆಟ್ಟು. ಅಂಥದ್ದಕ್ಕೆ ನಾಲ್ಕು ಬಾಯಿಯ ಬೈಪಾಸ್ ವಾಲ್ವ್ ಸಿಗುತ್ತದೆ. ಮುಚ್ಚಿದಾಗ ಕೂಲಂಟ್ ಹೀಟರ್‌ಗೆ ಹೋಗದೆ ಅಲ್ಲಿಂದಲೇ ಎಂಜಿನ್‌ಗೆ ವಾಪಸ್ ತಿರುಗುತ್ತದೆ. ಎಂಜಿನ್ ಬಿಸಿ ಏರಿದಾಗ ಹೀಟರ್ ಪೂರ್ತಿ ಹಾಕಿ ಸ್ವಲ್ಪ ಇಳಿಸುವ ಹಳೆಯ ಉಪಾಯವೂ ನಲ್ಲಿ ಮುಚ್ಚಿದ್ದರೆ ಕೆಲಸ ಮಾಡುವುದಿಲ್ಲ, ನೆನಪಿರಲಿ.

ಕಳೆದ ಚಳಿಯಲ್ಲಿ ನನ್ನ ತಮ್ಮ ಈ ಕಾರು ತಗೊಂಡು ಬೆಟ್ಟದ ಕಡೆ ಹೋಗಿದ್ದ. ಬೆಳಗಿನ ಜಾವ ಫೋನು. "ಅಣ್ಣಾ, ನಿನ್ನ ಹೀಟರ್ ಸತ್ತಿದೆ, ಹಲ್ಲು ಕಟಕಟ ಅಂತಿದೆ." ಬಾನೆಟ್ ಎತ್ತಿ, ಕೈಗೆ ಬಟ್ಟೆ ಸುತ್ತಿಕೊಂಡು, ಹಿತ್ತಾಳೆ ನಲ್ಲಿ ಕಾಲು ಸುತ್ತು ತಿರುಗಿಸು ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. "ಕಾರಿಗೆ ಯಾರಾದ್ರೂ ನಲ್ಲಿ ಹಾಕಿಸ್ತಾರಾ ಅಣ್ಣಾ?" ಮಾರನೇ ವಾರ ನಾಬ್ ಕೆಳಗೆ ಒಂದು ರಟ್ಟಿನ ಚೀಟಿ ಸಿಗಿಸಿದೆವು, ಅಕ್ಷರ ಅಮ್ಮನದು. ಒಂದು ಮಗ್ಗುಲಲ್ಲಿ "ನಲ್ಲಿ ಮುಚ್ಚಿದೆ", ತಿರುಗಿಸಿದರೆ "ನಲ್ಲಿ ತೆರೆದಿದೆ".